ಅಂಗಳದ ಮಣ್ಣು

೧೯೮೩ರ ಒಂದು ಬೆಳಗ್ಗೆ. ಕೆರೆಯ ಮಂಜು ಹೆಬ್ಬಾಳದ ಬಸ್ ಸ್ಟಾಪಿನವರೆಗೂ ಬಂದು ನಿಂತಿತ್ತು. ಪಕ್ಕದಲ್ಲಿ ಮಾತಾಡುತ್ತಿದ್ದ ಇಬ್ಬರೂ ನನಗೆ ಅರ್ಧಂಬರ್ಧವೇ ಕಾಣುತ್ತಿದ್ದರು: ಊರಿನ ರಾಮಲಕ್ಷ್ಮಮ್ಮ, ದೆಹಲಿಯಲ್ಲಿ ಸರ್ಕಾರಿ ಕೆಲಸ ಮಾಡಿ ನಿವೃತ್ತರಾದ ಶೇಷಗಿರಿರಾಯರು.

“ಆ ಗಂಟಿನಲ್ಲಿ ಏನಮ್ಮ?” ರಾಯರು ಕೇಳಿದರು.

“ನಮ್ಮನೆ ಅಂಗಳದ ಮಣ್ಣು ಸ್ವಾಮಿ. ಡೆಲ್ಲಿಗೆ ತಗೊಂಡೋಯ್ತಾ ಇದೀನಿ. ಅಳಿಯ ಅಲ್ಲಿ ಯಾವ್ದೋ ದೇಶದ ರಾಯಭಾರ ಕಚೇರೀಲಿ ಮಾಲಿ. ಆ ಕಾಂಪೌಂಡ್ ಒಳಗೇ ಮಗಳಿಗೆ ಎರ್ಗೆ ಆಯ್ತು. ಮಗು ಈಗ ನಡೆಯೋಕೆ ನೋಡ್ತೈತಂತೆ. ಮೊದಲ ಎಜ್ಜೆ ಪರದೇಶದ ನೆಲದ ಮ್ಯಾಲೆ ಬೇಡ ಅಂತ.”

“ಅದು ಪರದೇಶ ಅಲ್ಲಮ್ಮ. ನೆಲ ನಮ್ದೇ.”

“ಮತ್ತೆ ನಮ್ ಪೊಲೀಸ್ನೋರೇ ಒಳಿಕ್ಕೆ ಬರಂಗಿಲ್ವಂತೆ?”

“ಕಚೇರಿಯವರ ಒಪ್ಪಿಗೆ ಇಲ್ದೆ ಒಳಗೆ ಹೋಗೋ ಹಾಗಿಲ್ಲ. ದೇಶಗಳೆಲ್ಲ ಕೂತು ಹಾಗಂತ ಒಪ್ಪಂದ ಮಾಡ್ಕೊಂಡಿವೆ. ಅವರ ದೇಶದಲ್ಲಿ ನಮ್ಮ ಕಚೇರಿಗೂ ಅದೇ ಮರ್ಯಾದೆ.”

“ಬೀಗರ ಮನೆ ಇದ್ದಂಗೆ ಅನ್ನಿ. ಕರೀದೆ ಒಸಲು ದಾಟಂಗಿಲ್ಲ.”

“ಹ್ಞೂಂ, ಹಾಗೇ. ಮಗು ನಮ್ಮ ದೇಶದ್ದೇ, ನೆಲವೂ ನಮ್ಮ ದೇಶದ್ದೇ. ಈ ಮಣ್ಣು ಅಷ್ಟು ದೂರ ಹೊರೋದೇನೂ ಬೇಡ.”

ಆಕೆ ಗಂಟು ಬಿಚ್ಚಿದರು. ಕೆಮ್ಮಣ್ಣನ್ನು ಬೆರಳಲ್ಲಿ ಸವರುತ್ತಾ, ಕೆರೆ ಇರಬೇಕಾದ ಕಡೆ ಬಹಳ ಹೊತ್ತು ನೋಡುತ್ತಾ ನಿಂತರು. ಮಂಜಿನೊಳಗೆ ಮೆಜೆಸ್ಟಿಕ್ ಬಸ್ಸಿನ ದೀಪ ಕಂಡಿತು. ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿದರು.

“ದೇಶ ನಮ್ದೇ ಇರ್ಬೌದು ಸ್ವಾಮಿ. ಎಬ್ಬಾಳ ಅಲ್ವಲ್ಲ.”

ರಾಯರು ಬಗ್ಗಿ ಆಕೆಯ ಟ್ರಂಕು ಎತ್ತಿಕೊಂಡರು.

“ಇದನ್ನ ನಾನ್ ತರ್ತೀನಿ. ನೀವು ಗಂಟು ಜೋಪಾನವಾಗಿ ಹಿಡ್ಕೊಂಡು ಹತ್ತಿ.”