ಏಳು ಮೈಲಿ ಹೆಚ್ಚು

ವೇದಿಕೆಯ ಮೇಲಿರುವ ಅಧ್ಯಕ್ಷೆ ನೀಲಾಂಬಿಕಾ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಾದ ಫಾಹಿರಾ ಆಂಟಿಯವರೇ, ಬಿರಿಯಾನಿಯ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ನನ್ನ ಹೆಂಡತಿ ಶರ್ಫುನ್ನೀಸಾ ಬರೆದ ಪುಸ್ತಕ ಇವತ್ತು ಬಿಡುಗಡೆಯಾಗಿದೆ. ಬಾಲ್ಕನ್ ಸೀಮೆಯ ಮಾಂಟೆನೆಗ್ರೊ ಎಂಬ ಪುಟ್ಟ ದೇಶದ ರೈಲು ನಿಲ್ದಾಣಗಳ ಬಗ್ಗೆ, ಕನ್ನಡದಲ್ಲಿ. ದಾವಣಗೆರೆಯಲ್ಲಿ ಹುಟ್ಟಿ ಈ ಅಮೆರಿಕದ ವುಡ್‌ರಿಡ್ಜ್‌ನಲ್ಲಿ ಬಾಳುವ ಹೆಂಗಸಿಗೆ ಆ ದೇಶದ ಉಸಾಬರಿ ಯಾಕೆ? ನೀವು ಇವತ್ತು ಕೇಳುತ್ತಿದ್ದೀರಿ. ನಾನು ಒಂದು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಅವಳನ್ನಲ್ಲ, ನನ್ನನ್ನೇ.

ನಾನು ಖಾದರ್. ನನ್ನ ಕೆಲಸ ಡೆಸ್ ಪ್ಲೇನ್ಸ್‌ನ ಒಂದು ಕಾರ್ಗೋ ಗೋದಾಮಿನಲ್ಲಿ. ಕಾಗದದಲ್ಲಿ ನಲವತ್ತು ಪೆಟ್ಟಿಗೆ ಎಂದಿದ್ದರೆ ನಲವತ್ತೂ ಇವೆಯೇ, ಸೀಲ್ ಸರಿಯಿದೆಯೇ, ಹೆಸರು ಹೊಂದುತ್ತದೆಯೇ ಎಂದು ನೋಡುವುದು. ಹತ್ತೊಂಬತ್ತು ವರ್ಷ ಅನುಮಾನಪಟ್ಟಿದ್ದಕ್ಕೆ ಕಂಪನಿ ಎರಡು ಸಲ ಫಲಕ ಕೊಟ್ಟಿದೆ. ಮನೆಯಲ್ಲಿ ಯಾರೂ ಕೊಟ್ಟಿಲ್ಲ.

ಶರ್ಫುನ್ನೀಸಾ ಶನಿವಾರ ಮಸೀದಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಹೋಗಿ ಬರಲು ಎಂಟು ಮೈಲಿ. ಕಳೆದ ವರ್ಷ ಒಂದು ಶನಿವಾರ ಕಾರಿನ ಮೀಟರ್ ಹದಿನೈದು ತೋರಿಸಿತು. ಮುಂದಿನ ಶನಿವಾರವೂ ಹದಿನೈದು. ನಾನು ಮೀಟರ್ ಯಾಕೆ ನೋಡಿದೆ ಎಂದು ದಯವಿಟ್ಟು ಕೇಳಬೇಡಿ. ಮಗಳು ಅನಮ್‌ಗೆ ಹೇಳಿದರೆ, “ಅಬ್ಬಾ, ಇಟ್ಸ್ ಜಸ್ಟ್ ಸೆವೆನ್ ಮೈಲ್ಸ್” ಎಂದಳು. ಏಳು ಮೈಲಿಯಲ್ಲಿ ಏನೇನು ಆಗಬಹುದು ಎಂದು ಆ ಮಗುವಿಗೇನು ಗೊತ್ತು?

ಆಮೇಲೆ ಹೆಂಡತಿಯ ಬ್ಯಾಗಿನಲ್ಲಿ ಒಂದು ಚೀಟಿ ಸಿಕ್ಕಿತು. ಸಿಕ್ಕಿತು ಎಂದರೆ, ಹುಡುಕಿದೆ. ಬಿಯೆಲೊ ಪೋಲ್ಯೆ, ಮೊಯ್ಕೊವಾತ್ಸ್, ಕೊಲಾಶಿನ್, ಪೊದ್ಗೊರಿತ್ಸಾ, ವಿರ್‌ಪಜಾರ್, ಸುತೊಮೊರೆ, ಬಾರ್. ಅವಳದೇ ದುಂಡಗಿನ ಕನ್ನಡ ಅಕ್ಷರ, ಪಕ್ಕದಲ್ಲಿ ರೈಲಿನ ಸಮಯ. ಸಭಿಕರೇ, ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ನನ್ನನ್ನು ಬಿಟ್ಟು ಹೋಗಲು ದಾರಿ ಬರೆದಿಟ್ಟುಕೊಂಡಿದ್ದಾಳೆ ಎಂದುಕೊಂಡೆ.

ಮುಂದಿನ ಶನಿವಾರ ಹಿಂಬಾಲಿಸಿದೆ. ಅವಳು ಡೌನರ್ಸ್ ಗ್ರೋವ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಈ ಫಾಹಿರಾ ಆಂಟಿ. ರೈಲು ಬಂತು, ಹೋಯಿತು; ಇಬ್ಬರೂ ಹತ್ತಲಿಲ್ಲ. ಆಂಟಿ ಕಣ್ಣು ಮುಚ್ಚಿಕೊಂಡು ಊರುಗಳ ಹೆಸರು ಕೂಗುತ್ತಿದ್ದರು, ಇವಳು ಬರೆಯುತ್ತಿದ್ದಳು. ಅವರು ಮಾಂಟೆನೆಗ್ರೊದವರು, ಅಲ್ಲಿನ ಬಿಯೆಲೊ ಪೋಲ್ಯೆ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಟಿಕೆಟ್ ಕೊಟ್ಟವರು. ಈಗ ಮರೆವು ಶುರುವಾಗಿದೆ. ಎಲ್ಲ ಮರೆಯುವ ಮುಂಚೆ ಬರೆದಿಡು ಎಂದು, ಮಸೀದಿಯಲ್ಲಿ ಪರಿಚಯವಾದ ಇವಳನ್ನು ಕೇಳಿಕೊಂಡರಂತೆ. ರೈಲಿನ ಸದ್ದಿಗೆ ನೆನಪು ಮರಳುತ್ತದೆಂದು ಆ ಬೆಂಚು.

“ನಂಗ್ಯಾಕೆ ಹೇಳ್ಲಿಲ್ಲ?” ಎಂದೆ.

“ನೀವು ಕೇಳ್ಲೇ ಇಲ್ಲ. ಚೆಕ್ ಮಾಡಿದ್ರಿ, ಅಷ್ಟೇ,” ಎಂದಳು.

ಅಲ್ಲಿಗಾದರೂ ಬುದ್ಧಿ ಬಂತೇ? ಇಲ್ಲ. ಅವಳು ಬರೆದ ಒಂದೊಂದು ಊರನ್ನೂ ನಕಾಶೆಯಲ್ಲಿ ಹುಡುಕಿದೆ. ಎಲ್ಲವೂ ಇದ್ದವು. ಹೋದ ತಿಂಗಳು ಅವಳ ಮೇಜಿನ ಡ್ರಾಯರಿನಲ್ಲಿ ವಿಮಾನದ ಟಿಕೆಟ್ ಕಂಡೆ. ಪೊದ್ಗೊರಿತ್ಸಾಗೆ, ಪ್ರಯಾಣಿಕರು ಇಬ್ಬರು. ಹೆಸರುಗಳಿದ್ದ ಎರಡನೇ ಹಾಳೆಯನ್ನು ತಿರುವಲಿಲ್ಲ. ಜನ್ಮದಲ್ಲಿ ಮೊದಲ ಸಲ ತಿರುವಲಿಲ್ಲ. ನನಗೆ ಸರ್‌ಪ್ರೈಸ್ ಇರಬೇಕೆಂದು ನಂಬಿ, ಹೊಸ ಸೂಟ್‌ಕೇಸ್ ತಂದು ಗ್ಯಾರೇಜಿನಲ್ಲಿ ಅಡಗಿಸಿಟ್ಟೆ. ರಜೆಗೂ ಅಪ್ಲೈ ಮಾಡಿದೆ.

ಹತ್ತು ನಿಮಿಷದ ಹಿಂದೆ ನೀಲಾಂಬಿಕಾ ಅವರು ಸ್ವಾಗತ ಭಾಷಣದಲ್ಲಿ, ಶರ್ಫುನ್ನೀಸಾ ಮುಂದಿನ ತಿಂಗಳು ಫಾಹಿರಾ ಆಂಟಿಯನ್ನು ಆ ನಿಲ್ದಾಣಗಳಿಗೆ ಕರೆದೊಯ್ಯುತ್ತಿದ್ದಾರೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಬರೆದು ತಂದ ಭಾಷಣ ಜೇಬಿನಲ್ಲೇ ಇದೆ. ಅದರಲ್ಲಿ ಮೂರು ಕಡೆ ‘ನಾವಿಬ್ಬರೂ ಹೋಗುವಾಗ’ ಎಂದಿದೆ. ಅದಕ್ಕೇ ಅದನ್ನು ಓದಲಿಲ್ಲ.

ಶರ್ಫೂ, ಮೈಕಿನಲ್ಲೇ ಕೇಳುತ್ತೇನೆ. ಸೂಟ್‌ಕೇಸ್ ಇದೆ, ರಜೆ ಸಿಕ್ಕಿದೆ. ಆಂಟಿಯ ಸಾಮಾನನ್ನು ನಾನೇ ಹೊರುತ್ತೇನೆ. ನಾನೂ ಬರ್ಲಾ? ಉತ್ತರ ಇಲ್ಲಿ ಬೇಡ, ಮನೆಯಲ್ಲಿ ಹೇಳು. ಬೇಡ ಅಂತಿದ್ದರೂ ಹೇಳು. ಅಲ್ಲಿಯವರೆಗೆ ಡ್ರಾಯರ್ ತೆಗೆಯುವುದಿಲ್ಲ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಕೃತಜ್ಞತೆಗಳು. ಬಿರಿಯಾನಿ ಆರುತ್ತಿದೆ, ಊಟ ಮಾಡಿ. ನಮಸ್ಕಾರ.