ಎಡಗೈಲಿ ಕತ್ತಿ ಹಿಡಿದ ರಾಜ

ಅದಕ್ಕ ಏನೋ ಅಂತಿದ್ದರು... ಜನಾನಾ? ಅಲ್ಲ, ಬ್ಯಾರೆ ಒಂದು ಹೆಸರಿತ್ತು. ಸಿನಿಮಾ ಡೇರೆಯಾಗ ಪರದೆ ಹಿಂದ ಹೆಣ್ಣುಮಕ್ಕಳು ಕೂಡೋ ಜಾಗ. ಹೋಗ್ಲಿ, ನೆನಪಾಗವಲ್ದು. ಗಂಡಸರು ಮುಂದ, ಹೆಣ್ಣುಮಕ್ಕಳು ಹಿಂದ, ನಡುವ ಸಿನಿಮಾ ಬೀಳೋ, ನೀರಾಗ ತೋಯ್ಸಿದ ಬಿಳೇ ಬಟ್ಟಿ. ನಿಜಾಮರ ಕಾಲದಾಗ ನಮ್ಮ ತಾಂಡೂರಿನ ಡೇರೆ ಹಂಗೇ ಇತ್ತು. ಹಿಂದ ಕೂತವರಿಗಿ ಎಲ್ಲಾ ತಿರುವುಮುರುವು, ಬಲ ಎಡ ಆಗ್ತಿತ್ತು. ಅದಕ್ಕೇ ನಾ ಕೈಯಾರೆ ಬರದ ಚಿತ್ರದಾಗ ರಾಜ ಎಡಗೈಲಿ ಕತ್ತಿ ಹಿಡಿದಾನ. ಹನ್ನೊಂದು ಚಿತ್ರದಾಗೂ.

ಎಡಗೈ ಯಾಕ ಅಂತ ಕೇಳಿದ್ದಕ್ಕ ಜವಾಬು ಸಿಕ್ಕಿತಲ್ಲ, ಇನ್ನ ಚಿತ್ರದ ಕೆಳಗ ಹಚ್ಚೋ ಚೀಟಿ ಬರಿ. ಮೊಮ್ಮಗಳ ಅಕ್ಷರ ಚಂದ ಅಂತ ನಿನ್ನ ಕೂಡಿಸೀನಿ. ನಾಳೆ ಇವು ಗ್ರಂಥಾಲಯದ ಗೋಡಿಗಿ ಹೋಗ್ತಾವ. ‘ಬಾಲ್ಯದಲ್ಲಿ ನಾನು ಕಂಡ ಸಿನಿಮಾಗಳು. ಗುರುಲಿಂಗಮ್ಮ’ ಅಂತ.

ಯಾಕ ನಗ್ತಿ?

ಹೌದು, ಅಪ್ಪನ ಪಕ್ಕ ಖುರ್ಚಿ ಮ್ಯಾಲೆ ಕೂತು ನೋಡಿದೆ ಅಂತ ನಾನೇ ಹೇಳೀನಿ. ಈ ಮೈಸೂರಿಗಿ ಬಂದಾಗಿನಿಂದ ಎಲ್ಲರಿಗೂ ಹಂಗೇ ಹೇಳೀನಿ. ಅಪ್ಪನ ಪಕ್ಕ ಅಂದರ ಪರದೆ ಮುಂದ... ಮುಂದ ಕೂತಿದ್ದರ ಕತ್ತಿ ಬಲಗೈಲಿ ಇರಬೇಕಿತ್ತು. ಭಾಳ ಶಾಣ್ಯಾಕಿ ಇದ್ದಿ ನೀ.

ಒಮ್ಮೊಮ್ಮೆ ಹಿಂದನೂ ಕೂತೆ ಅಂತ ತಿಳ್ಕೊ... ಹಂಗ ನೋಡಬ್ಯಾಡ.

ಆತು. ನಾ ನೋಡಿಲ್ಲ. ಒಂದೂ ನೋಡಿಲ್ಲ. ಅಪ್ಪ ತೊಗರಿ ವ್ಯಾಪಾರಿ, ಡೇರೆ ಕಡೆ ಮಾರಿ ಮಾಡಿ ಮಲಗಿದರೂ ಬೈತಿದ್ದ. ನೋಡಿದಾಕಿ ದ್ರೌಪದಿ. ನಮ್ಮ ಗೋದಾಮಿನಾಗ ಬ್ಯಾಳಿ ಹಸನ ಮಾಡೋ ಬಾಳಮ್ಮನ ಮಗಳು, ನನ್ನ ವಾರಗಿ, ನನ್ನಷ್ಟೇ ವಯಸ್ಸಿನಾಕಿ. ಪರದೆ ಹಿಂದ ಕೂತು ನೋಡಿ ಬಂದು, ಮರುದಿನ ಮೊರ ಢಾಲು ಮಾಡ್ಕೊಂಡು ನನಗ ಆಡಿ ತೋರಿಸಾಕಿ. ರಾಜನೂ ಆಕಿನೇ, ರಾಣಿನೂ ಆಕಿನೇ, ಕುದುರಿನೂ ಆಕಿನೇ. “ಗುರವ್ವನೋರ, ನಗಬ್ಯಾಡ್ರಿ, ಈಗ ನಾ ಸಾಯ್ತೀನಿ” ಅಂತಿದ್ದಳು.

ಒಂದಿನ ಅದನ್ನ ಗೋದಾಮಿನ ಗೋಡಿ ಮ್ಯಾಲೆ ಬರೀಬೇಕನಿಸ್ತು. ಸುಣ್ಣ ಇರಲಿಲ್ಲ. ಪೂಜಿ ಜಗುಲಿಯಿಂದ ಅಪ್ಪನ ವಿಭೂತಿ ಗಟ್ಟಿ ತಂದೆ. ಆಕಿ ಆಡಿದಂಗ ಎಡಗೈ ಕತ್ತಿ, ಕಿರೀಟ, ಎಲ್ಲಾ ಬರದೆ. ಗಟ್ಟಿ ಅರ್ಧಾ ಸವದು ಹೋತು. ಅಷ್ಟರಾಗ ಅಪ್ಪ ಬಂದ. ಲಿಂಗಪೂಜಿ ವಿಭೂತಿ, ಗೋಡಿ ಮ್ಯಾಲೆ... “ಯಾರು ಬರದದ್ದು?” ಅಂದ. ನಾ ಕೈ ಎರಡೂ ಬೆನ್ನ ಹಿಂದ ಮಾಡ್ಕೊಂಡೆ.

ಏನಂದೆ ಅಂತ ಯಾಕ ಕೇಳವಲ್ಲಿ? ಕೇಳು...

ದ್ರೌಪದಿ ಅಂದೆ.

ಬಾಜೂಕ ನಿಂತಿದ್ದ ಆಕಿ ನನ್ನ ಮಾರಿ ನೋಡಿದಳು. ಅಲ್ಲ ಅನ್ನಲಿಲ್ಲ. ಆಕಿ ಮುಟ್ಟಿದ್ದು ಅಂತ ಉಳಿದ ಅರ್ಧ ಗಟ್ಟಿನೂ ಹಾಳಬಾವಿಗಿ ಹಾಕಿದರು. ಅವತ್ತೇ ತಾಯಿ ಮಗಳು ಇಬ್ಬರನ್ನೂ ಕೆಲಸದಿಂದ ತಗದರು. ದೌಲತಾಬಾದ್ ಕಡೆ ಹೋದರಂತ. ಆಮ್ಯಾಲೆ ನಾ ಆಕಿನ್ನ ನೋಡಿಲ್ಲ. ಹುಡುಕಿನೂ ಇಲ್ಲ.

ಪೆನ್ನು ಯಾಕ ಕೆಳಗಿಟ್ಟಿ? ಏನರ ಅನ್ನು. ಬೈದರೂ ಬೈಯಿ...

ಬ್ಯಾಡ, ಪೆನ್ನು ತಗೋ. ಆ ಚೀಟಿ ಹರಿದು ಒಗಿ, ಬ್ಯಾರೆ ಹಾಳಿ ತಗೋ. ‘ಈ ಸಿನಿಮಾ ಕಂಡಾಕಿ ಬಾಳಮ್ಮನ ಮಗಳು ದ್ರೌಪದಿ’ ಅಂತ ಬರಿ. ಅದರ ಕೆಳಗ, ವಿಭೂತಿಲೆ ಗೋಡಿ ಮ್ಯಾಲೆ ತಾನು ಬರದು, ಅಪ್ಪಗ ಆಕಿ ಹೆಸರು ಹೇಳಿದಾಕಿ ಗುರುಲಿಂಗಮ್ಮ ಅಂತ... ಹೌದು, ಅದನ್ನೂ. ಓದಿದವರಿಗಿ ತಿಳೀಲಿ. ದೊಡ್ಡ ಅಕ್ಷರದಾಗ ಬರಿ, ಯವ್ವ.