ಆರ್ವಿಲ್ ಟಟಲ್ ಹೆಸರು ಅಚ್ಚಾದ ಬೆಳಿಗ್ಗೆ

೧೯೧೧ರ ಒಂದು ಬೆಳಿಗ್ಗೆ, ಟೋಪಿ ಹೊಲಿಯುವ ಹುಲ್ಡಾ, ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ನರೆತ ಮೀಸೆಯ ನಟನೊಬ್ಬ ತನ್ನ ನಾಟಕದ ವಿಮರ್ಶೆ ಬಂದಿದ್ದ ಪತ್ರಿಕೆಯನ್ನು ಅಕ್ಕನ ಕೈಗೆ ತುರುಕಿದ. ಹುಲ್ಡಾಳ ಕಿವಿ ನಿಮಿರಿತು.

“ಇನ್ನೊಂದ್ಸಲ ಓದಕ್ಕ!”

“‘ಕುಡುಕ ನ್ಯಾಯಾಧೀಶನ ಪಾತ್ರಧಾರಿ ರಂಗದಿಂದ ಒಳಗೆ ಹೋದ ಮೇಲೂ ಜನ ಆ ಬಾಗಿಲನ್ನೇ ನೋಡುತ್ತಿದ್ದರು.’ ಇದು ನೀನೇನೋ, ಆರ್ವಿಲ್?”

“ನಾನಲ್ದೆ ಇನ್ಯಾರು? ಹೆಸರೂ ಇದೆ ನೋಡು.”

“ಟಟಲ್ ಹೋಗಿ ಟರ್ಟಲ್ ಆಗಿದೆ ಕಣೋ. ನಿನ್ನ ಆಮೆ ಮಾಡಿದಾರೆ!”

“ಆಮೆನಾದ್ರೂ ಆಗ್ಲಿ ಬಿಡು! ಇಪ್ಪತ್ತಾರು ವರ್ಷ ಮಾವ, ಬಟ್ಲರ್, ಪಾದ್ರಿ ಎಲ್ಲಾ ಆದೆ. ಪತ್ರಿಕೆಯವ್ರಿಗೆ ಮಾತ್ರ ನಾನು ಬರೀ ‘ಇತರರು’.”

“ಈ ನಾಟಕ ಬಿದ್ರೆ ಟೊಲೆಡೊಗೆ ಬಂದು ನಮ್ಮಂಗಡೀಲಿ ಕೂರ್ತೀನಿ ಅಂದಿದ್ದೆ. ಕರ್ಕೊಂಡ್ಹೋಗೋಕೇ ಬಂದೆ ನಾನು.”

“ಬಿದ್ದಿಲ್ವಲ್ಲಕ್ಕ! ಮ್ಯಾನೇಜರು ನ್ಯೂಯಾರ್ಕಿಗೂ ಬಾ ಅಂದ್ರು!”

ಅಷ್ಟರಲ್ಲಿ ಟೊಲೆಡೊ ಗಾಡಿ ಬಂದಿದೆಯೆಂದು ಕೂಗಿದರು. ಅವನ ಮುಖ ಸಣ್ಣದಾಯಿತು.

“ಅಕ್ಕಾ, ನಿನ್ನ ಗಾಡಿ...”

“ಹೋಗ್ಲಿ ಬಿಡೋ. ಇವತ್ತು ಆಟ ಎಷ್ಟೊತ್ತಿಗೆ?”

“ಮಧ್ಯಾಹ್ನ ಎರಡಕ್ಕೆ. ಯಾಕೆ?”

“ಇಷ್ಟು ವರ್ಷದಲ್ಲಿ ನಿನ್ನ ಒಂದು ನಾಟಕಾನೂ ನೋಡಿಲ್ವಲ್ಲೋ ನಾನು! ನಡಿ, ಮುಂದಿನ ಸಾಲಲ್ಲೇ ಕೂರ್ಬೇಕು.”

ಅಕ್ಕ ಚೀಲ ಎತ್ತಿಕೊಂಡು ಬೀದಿಯ ಬಾಗಿಲಿನತ್ತ ಬಿರಬಿರನೆ ಹೊರಟಳು. ಅವಳ ಹೆಜ್ಜೆಗೆ ಸರಿಗಟ್ಟಲು ನಟ ಓಡಬೇಕಾಯಿತು.